ಅವರ ಹಾಡನ್ನು ಮೊದಲು ಕಲಿಯಿರಿ: ಪರಭಾಷಿಕರ ನಡುವೆ ಸೇವಾಯಾತ್ರೆ ಹೊರಡುವ ಗಾಯನ ಮಂಡಳಿಗಳಿಗೆ ಸಮಗ್ರ ಮಾರ್ಗದರ್ಶಿ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಚರ್ಚುಗಳಲ್ಲಿ ಭಾನುವಾರದ ಆರಾಧನೆಗೆ ಹಾಡುವ ಗಾಯನ ಮಂಡಳಿಗಳು ಆಗಾಗ ಬೇರೆ ಭಾಷೆಯ, ಬೇರೆ ಸಂಸ್ಕೃತಿಯ ಜನರ ನಡುವೆ ಹೋಗಿ ಹಾಡಿಬರುವ ಯೋಜನೆ ಹಾಕುತ್ತವೆ. ಬಸ್ಸು, ಸಮವಸ್ತ್ರ, ಕೀಬೋರ್ಡು, ಊಟದ ವ್ಯವಸ್ಥೆ ಇವೆಲ್ಲವೂ ಚೆನ್ನಾಗಿಯೇ ನಡೆಯುತ್ತವೆ. ಆದರೆ ಅಲ್ಲಿ ಏನನ್ನು ಹಾಡಬೇಕು, ಯಾರಿಂದ ಏನನ್ನು ಕಲಿಯಬೇಕು ಎಂಬ ವಿಚಾರಕ್ಕೆ ಕೊನೆಯ ಎರಡು ವಾರ ಮಾತ್ರ ಉಳಿಯುತ್ತದೆ. ಈ ಬರಹ ಆ ಕ್ರಮವನ್ನು ತಿರುಗಿಸಬೇಕೆಂದು ಕೇಳುತ್ತದೆ. ಭಾಷೆ ತಿಳಿಯದ ಜನರ ಮುಂದೆ ಸಂಗೀತಕ್ಕೆ ಶಕ್ತಿ ಬರುವುದು ನಾವು ಚೆನ್ನಾಗಿ ಹಾಡುವುದರಿಂದ ಮಾತ್ರವಲ್ಲ. ಅವರ ಒಂದು ಹಾಡನ್ನಾದರೂ ನಾವು ಶ್ರದ್ಧೆಯಿಂದ ಕಲಿತು, ಅವರ ಮುಂದೆ ನಿಂತು, ಅವರೊಡನೆ ಹಾಡಿದಾಗಲೇ ಆ ಶಕ್ತಿ ಕೆಲಸ ಮಾಡುತ್ತದೆ. ಕೆಳಗಿನ ಹಂತಗಳೆಲ್ಲ ಈ ಒಂದು ನಂಬಿಕೆಯ ಮೇಲೆ ನಿಂತಿವೆ.

ನಮ್ಮ ನಾಡಿನಲ್ಲಿ ಇದಕ್ಕೆ ಹಳೆಯ ಆಧಾರಗಳಿವೆ. 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರನ್ನು ನಾವು 1894ರ ನಿಘಂಟಿನಿಂದ ನೆನೆಯುತ್ತೇವೆ. ಆದರೆ ಅದಕ್ಕೂ ಬಹಳ ಮೊದಲೇ ಅವರು ಕನ್ನಡದ ಛಂದಸ್ಸನ್ನು ಕಲಿತು, ಕ್ರಿಸ್ತನ ಕಥೆಯನ್ನು ಕನ್ನಡಿಗರು ಹಾಡಿಕೊಳ್ಳಬಲ್ಲ ಪದ್ಯಗಳಲ್ಲಿ ಬರೆದಿದ್ದರು. ಇನ್ನೊಂದು ದಿಕ್ಕಿನಿಂದ ನೋಡಿದರೆ, ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿ, ಇಂದಿಗೂ ಮಕ್ಕಳು ಕಲಿಯುವ ನೊಟ್ಟುಸ್ವರಗಳನ್ನು ಕೊಟ್ಟರು. ಒಬ್ಬರು ಹೊರಗಿನಿಂದ ಬಂದು ಇಲ್ಲಿಯ ಧಾಟಿಯನ್ನು ಕಲಿತರು, ಮತ್ತೊಬ್ಬರು ಇಲ್ಲಿಯೇ ಇದ್ದು ಹೊರಗಿನ ಧಾಟಿಗೆ ಕಿವಿಗೊಟ್ಟರು. ಇಬ್ಬರೂ ಮೊದಲು ಮಾಡಿದ್ದು ಕೇಳುವ ಕೆಲಸವನ್ನು.

ಮೊದಲು ಕರೆ, ಆಮೇಲೆ ಹೊರಡುವ ಮಾತು

ಕರೆಯದ ಮನೆಗೆ ಹಾಡಲು ಹೋಗಬಾರದು. ಹೋಗುವ ಸ್ಥಳದ ಸಭೆ, ಧರ್ಮಗುರುಗಳು ಅಥವಾ ಸಮುದಾಯದ ಹಿರಿಯರು ಬನ್ನಿ ಎಂದು ಬಾಯಿತುಂಬ ಕರೆದ ಮೇಲೆಯೇ ತಯಾರಿ ಆರಂಭವಾಗಬೇಕು. ಆ ಕರೆಯನ್ನು ಒಂದು ಪುಟದ ಪತ್ರವಾಗಿ ಬರೆಸಿಕೊಳ್ಳುವುದು ಒಳ್ಳೆಯದು: ಎಷ್ಟು ದಿನ, ಎಷ್ಟು ಜನ, ಎಲ್ಲಿ ವಸತಿ, ಯಾವ ಆರಾಧನೆಗಳಲ್ಲಿ ಹಾಡಬೇಕು, ಅವರ ಮಂಡಳಿಯೂ ಜೊತೆಗೆ ಹಾಡುವುದೇ, ಖರ್ಚು ಯಾರದು ಎಂಬುದೆಲ್ಲ ಅದರಲ್ಲಿರಲಿ.

ಪರಸಂಸ್ಕೃತಿಯನ್ನು ಹುಡುಕಿಕೊಂಡು ದೂರವೇ ಹೋಗಬೇಕೆಂದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಮೂಡಿಗೆರೆ, ಸಕಲೇಶಪುರ, ಬೇಲೂರು, ಆಲೂರು ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಕಾರರ ಸಾಲುಮನೆಗಳಲ್ಲಿ, ತಮಿಳು, ತುಳು, ಕೊಂಕಣಿ ಮಾತನಾಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಕೂಲಿಕಾರರೂ ಸೇರಿದ್ದಾರೆ. ಅವರಲ್ಲಿ ಸಾದ್ರಿ, ಕುಡುಖ್, ಮುಂಡಾರಿ ಭಾಷೆಗಳ ಕ್ರೈಸ್ತರೂ ಇದ್ದಾರೆ, ಕ್ರಿಸ್‌ಮಸ್ಸಿಗೆ ತಮ್ಮ ಊರಿನ ಹಾಡನ್ನು ಹಾಡಲು ಜೊತೆಯಿಲ್ಲದೆ ಕೊರಗುವವರೂ ಇದ್ದಾರೆ. ಮೊದಲ ಯಾತ್ರೆಯನ್ನು ಇಂಥ ಒಂದು ತೋಟಕ್ಕೆ ಇಟ್ಟುಕೊಂಡು, ಆ ಅನುಭವದ ಮೇಲೆ ಎರಡನೆಯದನ್ನು ಈಶಾನ್ಯ ಭಾರತದಂಥ ದೂರದ ಪ್ರದೇಶಕ್ಕೆ ಯೋಜಿಸುವುದು ನನ್ನ ದೃಷ್ಟಿಯಲ್ಲಿ ಸರಿಯಾದ ಕ್ರಮ. ತೋಟಕ್ಕೆ ಹೋಗುವಾಗ ಮಾಲೀಕರ ಒಪ್ಪಿಗೆ ಮೊದಲು ಬೇಕು. ತೋಟದ ಲೆಕ್ಕ ಬರೆಯುವ ರೈಟರಿಗೂ ಮೇಸ್ತ್ರಿಗೂ ವಿಷಯ ತಿಳಿದಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಲೈನಿನ ಜನರೇ ಬಯಸಿರಬೇಕು. ಮಾಲೀಕರು ಹೇಳಿದರೆಂದು ದಣಿದ ಮೈಯಲ್ಲಿ ಬಂದು ಕೂತವರ ಮುಂದೆ ಹಾಡುವುದು ಅವರಿಗೆ ಮತ್ತೊಂದು ಕೆಲಸ ಕೊಟ್ಟಂತೆ.

ಕಾಲ ನೋಡಿ ದಿನ ಗೊತ್ತುಮಾಡುವುದು

ನಮ್ಮ ಕಡೆ ಅರೇಬಿಕಾ ಕುಯ್ಲು ಸಾಮಾನ್ಯವಾಗಿ ನವೆಂಬರಿನಿಂದ ಜನವರಿಯವರೆಗೆ, ರೊಬಸ್ಟಾ ಕುಯ್ಲು ಜನವರಿಯಿಂದ ಮಾರ್ಚಿನವರೆಗೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ಲೈನಿನಲ್ಲಿ ಜನ ತುಂಬಿರುತ್ತಾರೆ, ಆದರೆ ಬಿಡುವು ಇರುವುದಿಲ್ಲ. ಆದ್ದರಿಂದ ಕುಯ್ಲಿನ ಕಾಲದಲ್ಲಿ ಹೋಗುವುದಾದರೆ ಸಂಜೆ ಆರೂವರೆಯಿಂದ ಎಂಟರೊಳಗೆ ಕಾರ್ಯಕ್ರಮ ಮುಗಿಸಬೇಕು. ಬಟವಾಡೆಯ ದಿನವನ್ನೂ ಸಂತೆಯ ದಿನವನ್ನೂ ಬಿಡಬೇಕು. ಜೂನಿನಿಂದ ಸೆಪ್ಟೆಂಬರಿನವರೆಗಿನ ಮಲೆನಾಡಿನ ಮಳೆಯಲ್ಲಿ ರಸ್ತೆಯನ್ನು ನಂಬುವಂತಿಲ್ಲ, ಚರ್ಮವಾದ್ಯವನ್ನಂತೂ ನಂಬಲೇಬಾರದು.

ಚರ್ಚಿನ ಪಂಚಾಂಗವನ್ನೂ ನೋಡಬೇಕು. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದಲ್ಲಿ ಹೋಗುವ ಮಂಡಳಿ ಸಂಭ್ರಮದ ಹಾಡುಗಳನ್ನು ಹೊತ್ತುಕೊಂಡು ಹೋದರೆ ಆತಿಥೇಯರಿಗೆ ಮುಜುಗರವಾಗುತ್ತದೆ. ದೂರದ ಯಾತ್ರೆಗೆ ಆ ಪ್ರದೇಶದ ರೂಢಿಯನ್ನು ಮೊದಲೇ ವಿಚಾರಿಸಿರಬೇಕು. ಉದಾಹರಣೆಗೆ ಮಿಜೋರಾಮಿನಲ್ಲಿ ಭಾನುವಾರವನ್ನು ಬಹಳ ಕಟ್ಟುನಿಟ್ಟಾಗಿ ಆಚರಿಸುತ್ತಾರೆ, ಅಂಗಡಿಗಳು ಮುಚ್ಚಿರುತ್ತವೆ. ಅಲ್ಲಿಗೆ ಭಾನುವಾರ ತಲುಪುವಂತೆ ಟಿಕೆಟ್ ಮಾಡಿಸಬಾರದು.

ಯಾರು, ಎಷ್ಟು ಜನ

ಹದಿನಾರರಿಂದ ಇಪ್ಪತ್ತು ಗಾಯಕರು ಸಾಕು. ಒಂದು ಮಿನಿ ಬಸ್ಸಿನಲ್ಲಿ ಹಿಡಿಸುವಷ್ಟು, ಒಂದು ಹಳ್ಳಿಯ ಮನೆಗಳಲ್ಲಿ ಮಲಗಲು ಜಾಗ ಸಿಗುವಷ್ಟು ಜನ ಎಂದಿಟ್ಟುಕೊಳ್ಳಿ. ನಾಲ್ಕು ಧ್ವನಿಗಳ ಹಾಡು ಹಾಡುವ ಮಂಡಳಿಯಾದರೆ ಪ್ರತಿ ಧ್ವನಿಗೆ ನಾಲ್ವರಾದರೂ ಇರಲಿ, ಏಕೆಂದರೆ ಪ್ರಯಾಣದಲ್ಲಿ ಒಬ್ಬರ ಗಂಟಲು ಕೆಡುವುದು ಖಂಡಿತ. ಅತ್ಯುತ್ತಮ ಕಂಠವಿದ್ದೂ ಇನ್ನೊಬ್ಬರ ಊಟಕ್ಕೆ ಮೂಗು ಮುರಿಯುವವರಿಗಿಂತ, ಸಾಧಾರಣ ಕಂಠದ, ಎಲ್ಲರೊಡನೆ ಬೆರೆಯುವ ಗಾಯಕರನ್ನೇ ಆರಿಸಬೇಕು. ಹದಿನೆಂಟು ತುಂಬದವರಿದ್ದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು, ಹುಡುಗಿಯರ ಜೊತೆಗೆ ಜವಾಬ್ದಾರಿಯುಳ್ಳ ಹಿರಿಯ ಹೆಂಗಸರಿರಬೇಕು. ಆತಿಥೇಯರ ಭಾಷೆ ಬಲ್ಲ ಒಬ್ಬರು ತಂಡದಲ್ಲಿದ್ದರೆ, ಅವರಿಗೆ ಹಾಡಲು ಬಾರದಿದ್ದರೂ, ಒಂದು ಸೀಟು ಅವರಿಗೆ ಮೀಸಲು.

ಹಾಡುಗಳ ಆಯ್ಕೆ

ಒಂದು ಗಂಟೆಯ ಕಾರ್ಯಕ್ರಮಕ್ಕೆ ಎಂಟು ಹಾಡು ಸಾಕೆಂದು ನನ್ನ ಅಂದಾಜು, ಮತ್ತು ಈ ಎಂಟರಲ್ಲಿ ಕನ್ನಡದವು ಮೂರಕ್ಕಿಂತ ಹೆಚ್ಚಿರಬಾರದು. ಆ ಮೂರನ್ನು ಆರಿಸುವಾಗ ನಮ್ಮ ನೆಲದ ಧಾಟಿಯುಳ್ಳವನ್ನು ಆರಿಸಿ. ಜರ್ಮನ್ ಅಥವಾ ಇಂಗ್ಲಿಷ್ ಧಾಟಿಗೆ ಕನ್ನಡ ಮಾತು ಹೊಂದಿಸಿದ ಕೀರ್ತನೆಗಳು ನಮಗೆ ಪ್ರಿಯವಾಗಿರಬಹುದು, ಆದರೆ ಪರಭಾಷೆಯ ಕೇಳುಗನಿಗೆ ಅವು ನಮ್ಮ ಬಗ್ಗೆ ಏನನ್ನೂ ಹೇಳುವುದಿಲ್ಲ. ಸೋಬಾನೆಯ ಧಾಟಿಯಲ್ಲಿರುವ ಒಂದು ಗೀತೆ, ಕೋಲಾಟದ ಹೆಜ್ಜೆಗೆ ಹೊಂದುವ ಒಂದು ಗೀತೆ, ಭಜನೆಯ ಕ್ರಮದಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂಬಾಲಿಸುವ ಒಂದು ಗೀತೆ ಇದ್ದರೆ ಮಲೆನಾಡಿನ ಮತ್ತು ಬಯಲುಸೀಮೆಯ ಬದುಕು ಮಾತಿಲ್ಲದೆಯೇ ಪರಿಚಯವಾಗುತ್ತದೆ. ಹಿಂಬಾಲಿಸುವ ಹಾಡಿಗೆ ವಿಶೇಷ ಬೆಲೆಯಿದೆ: ಎರಡನೆಯ ಸಾಲಿಗೇ ಕೇಳುಗರು ಗಾಯಕರಾಗುತ್ತಾರೆ.

ಎರಡು ಹಾಡುಗಳು ಇಬ್ಬರಿಗೂ ಮೊದಲೇ ಗೊತ್ತಿರುವ ಧಾಟಿಯವು ಆಗಿರಲಿ. 1818ರ ಕ್ರಿಸ್‌ಮಸ್ ರಾತ್ರಿಯಂದು ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಎಂಬ ಊರಿನಲ್ಲಿ ಗಿಟಾರಿನೊಡನೆ ಮೊದಲ ಸಲ ಹಾಡಿದ ‘ಸೈಲೆಂಟ್ ನೈಟ್’ ಗೀತೆ ಇಂದು ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಿಜೋ ಭಾಷೆಯಲ್ಲಿಯೂ ಇದೆ. ಇಂಥ ಧಾಟಿಯನ್ನು ಒಂದೇ ಶ್ರುತಿಯಲ್ಲಿ, ಒಂದೇ ಲಯದಲ್ಲಿ, ಪ್ರತಿಯೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಒಟ್ಟಿಗೆ ಹಾಡುವ ಪ್ರಯೋಗ ಎಂದೂ ಸೋಲುವುದಿಲ್ಲ. ಎರಡು ಭಾಷೆಗಳ ಮಾತು ಒಂದರ ಮೇಲೊಂದು ಬಿದ್ದು ಗೊಂದಲವಾದೀತೆಂಬ ಭಯ ಬೇಡ. ಧಾಟಿ ಎಲ್ಲರನ್ನೂ ಹಿಡಿದಿಡುತ್ತದೆ.

ಉಳಿದ ಮೂರು ಆತಿಥೇಯರ ಹಾಡುಗಳು. ಅವುಗಳನ್ನು ನಾವು ಆರಿಸಬಾರದು, ಅವರನ್ನೇ ಕೇಳಬೇಕು. ನಾವು ಯೂಟ್ಯೂಬಿನಲ್ಲಿ ಹುಡುಕಿ ತೆಗೆದ ಹಾಡು ಅವರಲ್ಲಿ ಸಾವಿನ ಮನೆಯಲ್ಲಿ ಮಾತ್ರ ಹಾಡುವ ಹಾಡಾಗಿರಬಹುದು, ಅಥವಾ ಒಂದು ಪಂಗಡದವರು ಒಪ್ಪದ ಹಾಡಾಗಿರಬಹುದು. ಸಂಗೀತದ ಒಳಗೆ ಇಂಥ ಇತಿಹಾಸ ಎಷ್ಟು ಆಳವಾಗಿ ಕುಳಿತಿರುತ್ತದೆ ಎಂಬುದಕ್ಕೆ ಮಿಜೋರಾಮಿನ ‘ಖುವಾಂಗ್’ ಒಳ್ಳೆಯ ನಿದರ್ಶನ. 1894ರಲ್ಲಿ ಮಿಷನರಿಗಳು ಅಲ್ಲಿಗೆ ಬಂದ ಮೇಲಿನ ಮೊದಲ ದಶಕಗಳಲ್ಲಿ ಈ ಮರದ ಡೋಲನ್ನು ಹಳೆಯ ಉತ್ಸವಗಳ ವಾದ್ಯವೆಂದು ಚರ್ಚಿನಿಂದ ಹೊರಗಿಟ್ಟಿದ್ದರು. ಮುಂದೆ ಜನರ ನಡುವೆ ಎದ್ದ ಆತ್ಮಿಕ ಜಾಗೃತಿಯ ಅಲೆಗಳ ಜೊತೆಗೆ ಅದೇ ಡೋಲು ಒಳಗೆ ಬಂದು, ಅವರದೇ ಕವಿಗಳ ಗೀತೆಗಳಿಗೆ, ಎಲ್ಲರೂ ಒಟ್ಟಾಗಿ ನಿಧಾನ ಲಯದಲ್ಲಿ ಹಾಡುವ ‘ಲೆಂಗ್‌ಖೋಮ್ ಝಾಯ್’ ಎಂಬ ಪದ್ಧತಿಗೆ ಆಧಾರವಾಯಿತು. ಇದನ್ನು ತಿಳಿದು ಹೋದ ಮಂಡಳಿ ಅಲ್ಲಿ ಡೋಲಿನ ಮೊದಲ ಪೆಟ್ಟು ಬಿದ್ದಾಗ ಹೇಗೆ ಕೂತಿರಬೇಕೋ ಹಾಗೆ ಕೂತಿರುತ್ತದೆ.

ಅವರ ಹಾಡನ್ನು ಕಲಿಯುವ ಕ್ರಮ

ಇದಕ್ಕೆ ಹನ್ನೆರಡು ವಾರ ಬೇಕು. ವಾರಕ್ಕೆ ಎರಡು ಅಭ್ಯಾಸವಿದ್ದರೆ ಒಂದನ್ನು ಪೂರ್ತಿಯಾಗಿ ಆತಿಥೇಯರ ಹಾಡುಗಳಿಗೇ ಕೊಡಬೇಕು.

ಮೊದಲ ಎರಡು ವಾರ ಯಾರೂ ಬಾಯಿ ತೆರೆಯಬಾರದು, ಕೇಳಬೇಕು ಅಷ್ಟೆ. ಆತಿಥೇಯ ಸಭೆಯ ಒಬ್ಬರು ಮೊಬೈಲಿನಲ್ಲಿ ಹಾಡಿ ಕಳುಹಿಸಿದ ಧ್ವನಿಮುದ್ರಣವೇ ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ ಮೇಲು, ಏಕೆಂದರೆ ಅದರಲ್ಲಿ ವಾದ್ಯಗಳ ಗದ್ದಲವಿಲ್ಲದೆ ಉಸಿರು ಎಲ್ಲಿ ತೆಗೆಯುತ್ತಾರೆಂಬುದು ಸ್ಪಷ್ಟವಾಗಿ ಕೇಳಿಸುತ್ತದೆ. ಅವರಿಂದ ಎರಡು ಮುದ್ರಣ ಕೇಳಿ: ಒಂದು ಹಾಡಿದ್ದು, ಇನ್ನೊಂದು ಅದೇ ಸಾಲುಗಳನ್ನು ಮಾತಿನಂತೆ ನಿಧಾನವಾಗಿ ಓದಿದ್ದು. ಮೂರನೆಯ ವಾರ ಆ ಓದಿನ ಆಧಾರದ ಮೇಲೆ ಸಾಹಿತ್ಯವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು, ಪ್ರತಿ ಪದದ ಕೆಳಗೆ ಅದರ ಅರ್ಥವನ್ನು ಬರೆಯಬೇಕು. ಒಟ್ಟು ಭಾವಾರ್ಥ ಸಾಲದು. ಯಾವ ಪದದ ಮೇಲೆ ‘ಕರುಣೆ’ ಬರುತ್ತದೆ, ಯಾವುದರ ಮೇಲೆ ‘ನೀರು’ ಬರುತ್ತದೆ ಎಂದು ಗಾಯಕನಿಗೆ ತಿಳಿದಿದ್ದರೆ ಮಾತ್ರ ಮುಖದಲ್ಲಿ ಆ ಭಾವ ಸರಿಯಾದ ಕ್ಷಣದಲ್ಲಿ ಮೂಡುತ್ತದೆ.

ನಮ್ಮ ಲಿಪಿಗೆ ಮಿತಿಗಳಿವೆ, ಅವನ್ನು ಗುರುತು ಹಾಕಿಕೊಳ್ಳಬೇಕು. ಮಿಜೋ ಭಾಷೆಯಲ್ಲಿ ನಮ್ಮ ‘ಆ’ ಮತ್ತು ‘ಓ’ಗಳ ನಡುವಿನ ಒಂದು ಸ್ವರವಿದೆ, ಮೇಲಾಗಿ ಧ್ವನಿಯ ಏರಿಳಿತದಿಂದ ಅರ್ಥವೇ ಬದಲಾಗುವ ಭಾಷೆ ಅದು. ತಮಿಳಿನ ‘ೞ’ಕಾರವನ್ನು ಹಳಗನ್ನಡ ಓದಿದವರು ಗುರುತಿಸಿಯಾರು, ಆದರೆ ನಾಲಗೆಗೆ ಅಭ್ಯಾಸ ತಪ್ಪಿ ಶತಮಾನಗಳಾಗಿವೆ. ಇಂಥ ಅಕ್ಷರಗಳಿಗೆ ಕೆಂಪು ಶಾಯಿಯ ಗುರುತು ಹಾಕಿ, ಆ ಜಾಗವನ್ನು ಧ್ವನಿಮುದ್ರಣದಿಂದಲೇ ಕಲಿಯಬೇಕು. ಏಳನೆಯ ವಾರದ ಹೊತ್ತಿಗೆ ನಮ್ಮ ಹಾಡನ್ನು ಮುದ್ರಿಸಿ ಅವರಿಗೆ ಕಳುಹಿಸಿ, ತಿದ್ದಿಸಿಕೊಳ್ಳಬೇಕು. ನಾವು ಅವರ ಮುಂದೆ ವಿದ್ಯಾರ್ಥಿಗಳಾಗಿ ನಿಲ್ಲುವ ಈ ಹಂತದಲ್ಲಿಯೇ ಎರಡು ಸಭೆಗಳ ನಡುವೆ ಗೆಳೆತನ ಬೆಳೆಯುವುದನ್ನು ನಾನು ಕಂಡಿದ್ದೇನೆ.

ಈಶಾನ್ಯದ ಸಭೆಗಳಿಂದ ಬರುವ ಹಾಡಿನ ಹಾಳೆಗಳಲ್ಲಿ ಗೆರೆಗಳ ಸ್ಟಾಫ್ ನೊಟೇಶನ್ ಇರದೆ, ಇಂಗ್ಲಿಷ್ ಅಕ್ಷರಗಳ ಸಾಲು ಇರುವುದುಂಟು. ಇದು ಟಾನಿಕ್ ಸಾಲ್‌ಫಾ ಪದ್ಧತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಕರ್ವೆನ್ ಇದನ್ನು ಇಂಗ್ಲೆಂಡಿನಲ್ಲಿ ಪ್ರಚಾರಕ್ಕೆ ತಂದರು, ಮಿಷನರಿಗಳು ಲೋಕದ ಹಲವು ಕಡೆಗೆ ಕೊಂಡೊಯ್ದರು. ಸರಿಗಮ ಬಲ್ಲ ಕನ್ನಡಿಗನಿಗೆ ಇದು ಕಷ್ಟವಲ್ಲ, ಏಕೆಂದರೆ ನಮ್ಮ ಷಡ್ಜದಂತೆಯೇ ಅವರ ‘ಡೋ’ ಕೂಡ ಯಾವ ಶ್ರುತಿಗೆ ಬೇಕಾದರೂ ಸರಿಯುತ್ತದೆ. ಡೋ ಎಂದರೆ ಸ, ರೇ ಎಂದರೆ ರಿ, ಮೀ ಎಂದರೆ ಗ, ಫಾ ಎಂದರೆ ಮ, ಸೋ ಎಂದರೆ ಪ, ಲಾ ಎಂದರೆ ದ, ಟೀ ಎಂದರೆ ನಿ. ಇವು ಕರ್ನಾಟಕ ಸಂಗೀತದ ಮೂಲರಾಗಗಳಲ್ಲಿ, ಅಂದರೆ ಮೇಳಗಳಲ್ಲಿ, ಇಪ್ಪತ್ತೊಂಬತ್ತನೆಯದಾದ ಧೀರಶಂಕರಾಭರಣದ ಸ್ವರಗಳು. ತೊಡಕು ಬರುವುದು ಅಕ್ಷರಗಳನ್ನು ಓದುವಾಗ. ಹಾಳೆಯ ಮೇಲೆ ‘ಎಸ್’ ಕಂಡ ಕೂಡಲೇ ನಮ್ಮವರು ಷಡ್ಜ ಹಿಡಿಯುತ್ತಾರೆ, ಅದು ಪಂಚಮ. ‘ಎಂ’ ಕಂಡರೆ ಮಧ್ಯಮ ಹಿಡಿಯುತ್ತಾರೆ, ಅದು ಗಾಂಧಾರ. ‘ಡಿ’ ಕಂಡರೆ ಧೈವತಕ್ಕೆ ಹೋಗುತ್ತಾರೆ, ಅದು ಷಡ್ಜ. ಆದ್ದರಿಂದ ಇಂಗ್ಲಿಷ್ ಅಕ್ಷರಗಳನ್ನು ನೋಡಿ ನೇರವಾಗಿ ಹಾಡಿಸದೆ, ಮೊದಲ ದಿನವೇ ಇಡೀ ಹಾಳೆಯನ್ನು ಕನ್ನಡದ ಸರಿಗಮಕ್ಕೆ ಬರೆದು ಹಂಚಿಬಿಡುವುದು ಲೇಸು. ಅಕ್ಷರಗಳ ನಡುವಿನ ಎರಡು ಚುಕ್ಕಿ ಒಂದು ಎಣಿಕೆಯನ್ನು ಮುಂದಿನದರಿಂದ ಬೇರ್ಪಡಿಸುತ್ತದೆ, ಅಡ್ಡಗೆರೆ ಸ್ವರವನ್ನು ಎಳೆಯಬೇಕೆಂದು ಹೇಳುತ್ತದೆ.

ಶೋಕಭಾವದ ಹಾಡುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಮೈನರ್ ಧಾಟಿಯ ಹಾಡನ್ನು ಸಾಲ್‌ಫಾದಲ್ಲಿ ಬರೆಯುವಾಗ ಆಧಾರಸ್ವರ ‘ಲಾ’ ಆಗಿರುತ್ತದೆ. ಅಂಥ ಹಾಡನ್ನು ಸರಿಗಮಕ್ಕೆ ತರುವಾಗ ಲಾವನ್ನು ಸ ಎಂದಿಟ್ಟುಕೊಂಡು, ಟೀಯನ್ನು ರಿ, ಡೋವನ್ನು ಗ ಎಂದು ಸರಿಸಿ ಬರೆದರೆ ನಮ್ಮ ಇಪ್ಪತ್ತನೆಯ ಮೇಳವಾದ ನಠಭೈರವಿ ಸಿಗುತ್ತದೆ, ತಂಬೂರಿಯೂ ಸರಿಯಾಗಿ ಹೊಂದುತ್ತದೆ.

ಶ್ರುತಿ, ಗಮಕ, ವಾದ್ಯ

ಶಾಸ್ತ್ರೀಯ ಸಂಗೀತ ಕಲಿತ ಗಾಯಕರು ನಮ್ಮ ಮಂಡಳಿಗಳಲ್ಲಿ ಇರುವುದು ದೊಡ್ಡ ಭಾಗ್ಯ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಂಥ ಸಂಗೀತಗ್ರಾಮ ಇರುವ ಜಿಲ್ಲೆಗೆ ಅದು ಸಹಜವೂ ಹೌದು. ಆದರೆ ನಾಲ್ಕು ಧ್ವನಿಗಳ ಹಾಡಿನಲ್ಲಿ ಒಬ್ಬರು ಗಾಂಧಾರವನ್ನು ಶಂಕರಾಭರಣದ ಗಮಕದಿಂದ ತೂಗಿದರೆ, ಉಳಿದ ಮೂರು ಧ್ವನಿಗಳು ಅದರೊಡನೆ ಸೇರಲಾರವು. ಅಲ್ಲಿ ಸ್ವರ ನೇರವಾಗಿ ನಿಲ್ಲಬೇಕು. ಅದೇ ಗಾಯಕರು ಏಕಧ್ವನಿಯ ಕನ್ನಡ ಗೀತೆಯಲ್ಲಿ ಗಮಕವನ್ನು ಧಾರಾಳವಾಗಿ ಬಳಸಲಿ. ನಮ್ಮಲ್ಲಿ ವಿಶೇಷವಾದದ್ದೇ ಅದು.

ಒಟ್ಟಿಗೆ ಹಾಡುವ ಹಾಡುಗಳಿಗೆ ಐದು ಸ್ವರಗಳ ಮೋಹನ ರಾಗದ ಧಾಟಿ ಅತ್ಯಂತ ಅನುಕೂಲ. ಅದರಲ್ಲಿ ಪಕ್ಕಪಕ್ಕದ ಅರ್ಧಸ್ವರಗಳ ಘರ್ಷಣೆಯಿಲ್ಲದ ಕಾರಣ, ಒಂದು ಗುಂಪು ಆರಂಭಿಸಿದ ಮೇಲೆ ಇನ್ನೊಂದು ಗುಂಪು ಅದೇ ಸಾಲನ್ನು ತಡವಾಗಿ ಹಿಡಿದರೂ ಕಿವಿಗೆ ಚುಚ್ಚುವುದಿಲ್ಲ, ಮತ್ತು ಐದು ಸ್ವರಗಳ ಧಾಟಿ ಲೋಕದ ಬಹಳಷ್ಟು ಜನಪದರಿಗೆ ಪರಿಚಿತ. ಸಭೆಯೆಲ್ಲ ಸೇರಿ ಹಾಡುವ ಹಾಡಿನ ಕೆಳಗಿನ ಸ್ವರ ಮಧ್ಯಸ್ಥಾಯಿಯ ‘ಸಿ’ಗಿಂತ ಕೆಳಗಿಳಿಯದಂತೆ, ಮೇಲಿನದು ಅದರ ಮುಂದಿನ ಸ್ಥಾಯಿಯ ‘ಡಿ’ ದಾಟದಂತೆ ಶ್ರುತಿ ಇಟ್ಟುಕೊಂಡರೆ ಹೆಚ್ಚಿನ ಕಂಠಗಳಿಗೆ ದಣಿವಾಗುವುದಿಲ್ಲ.

ವಾದ್ಯಗಳು ಕಡಿಮೆಯಿರಲಿ: ಒಂದು ಹಾರ್ಮೋನಿಯಂ, ಒಂದು ಢೋಲಕ್, ತಾಳ, ಮೊಬೈಲಿನಲ್ಲಿ ತಂಬೂರಿ. ಕೀಬೋರ್ಡು ಬಂದರೆ ಅದರ ಹಿಂದೆ ವಿದ್ಯುತ್ತು, ಸ್ಪೀಕರು, ತಂತಿ ಎಲ್ಲವೂ ಬರುತ್ತವೆ. ಲೈನ್ ಮನೆಯ ಅಂಗಳದಲ್ಲಿ ಅವು ನಮ್ಮನ್ನೂ ಕೇಳುಗರನ್ನೂ ಎರಡು ಬದಿಗೆ ಸರಿಸಿಬಿಡುತ್ತವೆ. ಅಲ್ಲದೆ ಅವರ ವಾದ್ಯಕ್ಕೆ ಜಾಗ ಬಿಟ್ಟಿರಬೇಕು. ಮೂಡಿಗೆರೆ ಕಡೆಯ ತೋಟವೊಂದರಲ್ಲಿ, ನಮ್ಮ ಕೋಲಾಟದ ಗೀತೆಯ ಎರಡನೆಯ ಚರಣ ನಡೆಯುತ್ತಿದ್ದಾಗ, ಜಾರ್ಖಂಡಿನ ಯುವಕನೊಬ್ಬ ಒಳಗಿನಿಂದ ಮಣ್ಣಿನ ಹೊಳವಿನ ಮಾಂದರ್ ಎಂಬ ಡೋಲನ್ನು ತಂದು ಕೊರಳಿಗೆ ಹಾಕಿಕೊಂಡ. ಮೊದಲು ಎಡಗೈಯಿಂದ ಬರೀ ಒಂದು ಪೆಟ್ಟು ಹಾಕಿ ನಮ್ಮ ನಡೆಯನ್ನು ಅಳೆದ, ಆಮೇಲೆ ಎರಡು ಕೈಯಿಂದಲೂ ತನ್ನ ಊರಿನ ನಡೆಯನ್ನು ಅದರ ಮೇಲೆ ಕೂರಿಸಿದ. ನಮ್ಮ ಢೋಲಕ್ಕಿನವರು ತಮ್ಮ ವಾದ್ಯವನ್ನು ಮೆಲ್ಲನೆ ಕೆಳಗಿಟ್ಟು, ಬರೀ ತಾಳ ಹಿಡಿದರು. ಆವರೆಗೆ ಗೋಡೆಗೆ ಒರಗಿ ನಿಂತಿದ್ದ ಹೆಂಗಸರು ಕೈ ಕೈ ಹೆಣೆದು ಸಾಲುಗಟ್ಟಿದ್ದು ಆಗಲೇ. ತನ್ನ ವಾದ್ಯವನ್ನು ಸಕಾಲದಲ್ಲಿ ಕೆಳಗಿಡಬಲ್ಲ ಇಂಥ ವಾದ್ಯಗಾರ ಪ್ರತಿ ಯಾತ್ರೆಗೂ ಬೇಕು.

ಕಾಗದಪತ್ರ ಮತ್ತು ಪ್ರಯಾಣ

ಮಿಜೋರಾಮ್, ನಾಗಾಲ್ಯಾಂಡ್, ಅರುಣಾಚಲ ಪ್ರದೇಶ, ಮಣಿಪುರಗಳಿಗೆ ಹೊರರಾಜ್ಯದವರು ಹೋಗಲು ಇನ್ನರ್ ಲೈನ್ ಪರ್ಮಿಟ್ ಬೇಕು; 1873ರ ಬಂಗಾಳ ಪೂರ್ವಗಡಿ ನಿಯಮದಿಂದ ಬಂದ ಪದ್ಧತಿ ಇದು. ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು, ಆತಿಥೇಯರ ಕರೆಪತ್ರ ಅಲ್ಲಿ ಕೆಲಸಕ್ಕೆ ಬರುತ್ತದೆ. ನಮ್ಮ ಕಡೆಯವರು ಅರಸೀಕೆರೆಯಲ್ಲಿ ರೈಲು ಹಿಡಿದು ಬೆಂಗಳೂರು ಸೇರಿ, ಅಲ್ಲಿಂದ ಗುವಾಹಟಿಗೆ ಹೋಗಬಹುದು. 2025ರ ಸೆಪ್ಟೆಂಬರಿನಲ್ಲಿ ಬೈರಾಬಿ–ಸೈರಾಂಗ್ ಮಾರ್ಗ ತೆರೆದ ಮೇಲೆ ಮಿಜೋರಾಮಿನ ರಾಜಧಾನಿ ಐಜ್ವಾಲಿನ ಹತ್ತಿರದವರೆಗೂ ರೈಲು ಇದೆ. ರೈಲಿನಲ್ಲಿ ದಿನಗಟ್ಟಲೆ ಅಂತ್ಯಾಕ್ಷರಿ ಹಾಡಿ ಗಂಟಲು ಕೆಡಿಸಿಕೊಳ್ಳುವುದನ್ನು ಮುಖ್ಯಸ್ಥರು ಮುಲಾಜಿಲ್ಲದೆ ತಡೆಯಬೇಕು. ಬಿಸಿನೀರು, ಸಾಕಷ್ಟು ನಿದ್ದೆ, ತಲುಪಿದ ದಿನ ಹಾಡು ಬೇಡ ಎಂಬ ನಿಯಮ, ಇವಿಷ್ಟಿದ್ದರೆ ಮೆಣಸಿನ ಕಷಾಯದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ವಿದೇಶದ ಮಂಡಳಿಯೊಂದು ನಮ್ಮಲ್ಲಿಗೆ ಬರುವುದಾದರೆ ವೀಸಾದ ವಿಷಯದಲ್ಲಿ ಎಳ್ಳಷ್ಟೂ ಸಡಿಲ ಬೇಡ. ಪ್ರವಾಸಿ ವೀಸಾದಲ್ಲಿ ಬಂದವರು ಚರ್ಚಿಗೆ ಬಂದು ಆರಾಧನೆಯಲ್ಲಿ ಕೂರಬಹುದು, ಧರ್ಮಪ್ರಚಾರ ಮಾಡುವಂತಿಲ್ಲ, ಧಾರ್ಮಿಕ ಭಾಷಣ ಮಾಡುವಂತಿಲ್ಲ, ಕರಪತ್ರ ಹಂಚುವಂತಿಲ್ಲ; ಅದಕ್ಕೆ ಮಿಷನರಿ ವೀಸಾ ಎಂಬ ಬೇರೆ ವರ್ಗವೇ ಇದೆ. ಅವರ ಕಾರ್ಯಕ್ರಮದ ಸ್ವರೂಪವನ್ನು ಬರವಣಿಗೆಯಲ್ಲಿ ಇಟ್ಟುಕೊಂಡು, ಟಿಕೆಟ್ ಮಾಡಿಸುವ ಮೊದಲೇ ಸಂಬಂಧಪಟ್ಟ ಅಧಿಕಾರಿಗಳಿಂದ ಸ್ಪಷ್ಟನೆ ಪಡೆಯಬೇಕು. ಮನೆಯಲ್ಲಿ ಉಳಿಸಿಕೊಂಡರೂ, ವಿದೇಶೀಯರು ತಂಗಿರುವ ಮಾಹಿತಿಯನ್ನು 24 ಗಂಟೆಯೊಳಗೆ ಸರ್ಕಾರದ ಜಾಲತಾಣದಲ್ಲಿ ದಾಖಲಿಸುವುದು ಆತಿಥೇಯರ ಹೊಣೆ.

ಬಯಲಿನಲ್ಲಿ ಧ್ವನಿವರ್ಧಕ ಬಳಸಲು ಲಿಖಿತ ಅನುಮತಿ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಹಚ್ಚುವಂತಿಲ್ಲ. ಧ್ವನಿವರ್ಧಕವೇ ಇಲ್ಲದೆ ಹಾಡುವುದು ಇನ್ನೂ ಒಳ್ಳೆಯದು.

ಹಾಡುವ ಸಂಜೆ

ತಲುಪಿದ ಕೂಡಲೇ ವೇದಿಕೆ ಹುಡುಕಬೇಡಿ. ಅವರೊಡನೆ ಕೂತು ಚಹಾ ಕುಡಿಯಿರಿ, ಅವರು ಕೊಟ್ಟದ್ದನ್ನು ತಿನ್ನಿರಿ. ಸಾಲಾಗಿ ಎದುರು ನಿಲ್ಲುವುದಕ್ಕಿಂತ ಅರ್ಧಚಂದ್ರಾಕಾರದಲ್ಲಿ ನಿಂತು, ಉಳಿದ ಅರ್ಧವನ್ನು ಕೇಳುಗರು ಪೂರ್ಣ ಮಾಡುವಂತೆ ಜಾಗ ಹೊಂದಿಸಿದರೆ ಕೊನೆಯ ಹಾಡಿನ ಹೊತ್ತಿಗೆ ಯಾರು ಅತಿಥಿ, ಯಾರು ಆತಿಥೇಯರು ಎಂಬ ಗೆರೆ ತಾನಾಗಿ ಮಸುಕಾಗುತ್ತದೆ.

ಮೊದಲ ಹಾಡು ಅವರ ಭಾಷೆಯದೇ ಆಗಿರಲಿ. ಇದನ್ನು ಕೊನೆಗೆ ಇಟ್ಟುಕೊಂಡು ಅಚ್ಚರಿಪಡಿಸಬೇಕೆಂದು ಅನೇಕ ಮಂಡಳಿಗಳಿಗೆ ಆಸೆಯಿರುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಮೊದಲೇ ಹಾಡಿದರೆ ಉಚ್ಚಾರ ತಪ್ಪಿದ ಕಡೆ ಅವರು ನಕ್ಕು ತಿದ್ದುತ್ತಾರೆ, ಆ ನಗುವಿನಿಂದ ಇಡೀ ಸಂಜೆ ಹಗುರಾಗುತ್ತದೆ. ಆಮೇಲೆ ಒಂದು ಕನ್ನಡ ಗೀತೆ, ಅದರ ಹಿಂದೆಯೇ ಅವರ ಮಂಡಳಿಯ ಅಥವಾ ಅವರ ಹಿರಿಯರೊಬ್ಬರ ಹಾಡು, ಹೀಗೆ ಒಂದು ಬಿಟ್ಟು ಒಂದು ನಡೆಯಲಿ. ಹಾಡುಗಳ ನಡುವಿನ ಮಾತು ಎರಡು ವಾಕ್ಯ ಮೀರಬಾರದು: ಈ ಹಾಡನ್ನು ನಮ್ಮಲ್ಲಿ ಯಾವಾಗ ಹಾಡುತ್ತೇವೆ, ಇದರಲ್ಲಿ ಏನು ಹೇಳಿದೆ. ಅನುವಾದಕರು ವಾಕ್ಯ ವಾಕ್ಯಕ್ಕೂ ಹೇಳುವಂತೆ ನಿಲ್ಲಿಸಿ ಮಾತನಾಡಬೇಕು.

ಕಾರ್ಯಕ್ರಮದ ನಡುವೆ ಅರ್ಧ ಗಂಟೆ ಕಲಿಯುವ, ಕಲಿಸುವ ಕೂಟವಿರಲಿ. ನಮ್ಮ ಹಿಂಬಾಲಿಸುವ ಗೀತೆಯ ಪಲ್ಲವಿಯನ್ನು ಅವರಿಗೆ, ಅವರದೊಂದು ಪಲ್ಲವಿಯನ್ನು ನಮಗೆ. ಸಾಲನ್ನು ಹಾಳೆಯಲ್ಲಿ ಕೊಡದೆ ಬಾಯಿಯಿಂದ ಬಾಯಿಗೆ ಕಲಿಸಬೇಕು. ಮಿಜೋ ಸಭೆಗಳಲ್ಲಿ ಒಬ್ಬರು ಮುಂದಿನ ಸಾಲಿನ ಮಾತನ್ನು ಮೊದಲೇ ಕೂಗಿ ಹೇಳಿ, ಸಭೆ ಅದನ್ನು ಹಾಡುವ ರೂಢಿಯಿದೆ. ನಮ್ಮ ಭಜನೆ ಮನೆಗಳಲ್ಲಿ ಬೆಳೆದವರಿಗೆ ಅದು ತೀರ ಹತ್ತಿರದ್ದೆನಿಸುತ್ತದೆ. ಮಕ್ಕಳನ್ನು ಮುಂದೆ ಕೂರಿಸಿಕೊಳ್ಳಿ. ಅವರು ಹಿಡಿದರೆ ಹಿರಿಯರು ತಾವಾಗಿ ಹಿಡಿಯುತ್ತಾರೆ.

ಮಾಡಬಾರದ ಕೆಲವು ಸಂಗತಿಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ಹಾಡಿನ ಕೂಟದಲ್ಲಿ ಅಕ್ಕಿ, ಬಟ್ಟೆ, ಔಷಧ, ಹಣ ಯಾವುದನ್ನೂ ಹಂಚಬಾರದು. ಕಾನೂನಿನ ತೊಡಕು ಒಂದು ಕಡೆಯಾದರೆ, ಕೊಡುವವರು ಮತ್ತು ತೆಗೆದುಕೊಳ್ಳುವವರು ಎಂದು ಎರಡು ಸಾಲಾದ ಮೇಲೆ ಒಟ್ಟಿಗೆ ಹಾಡುವುದು ಸಾಧ್ಯವೇ ಇಲ್ಲ. ಬೇರೆ ಧರ್ಮದವರು ಕುತೂಹಲದಿಂದ ಬಂದು ಕೂತಿದ್ದರೆ ಅವರನ್ನು ಗುರಿಯಿಟ್ಟು ಮಾತನಾಡಬಾರದು, ಅವರು ತಮ್ಮದೊಂದು ಹಾಡು ಹಾಡಲು ಬಯಸಿದರೆ ಸಂತೋಷದಿಂದ ಜಾಗ ಕೊಡಬೇಕು. ಕೇಳದೆ ಫೋಟೋ ತೆಗೆಯಬಾರದು. ದುಃಖದ ಹಾಡಿಗೆ ಅತ್ತವರ ಮುಖವನ್ನು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕುವುದು ಅಪಚಾರ. ಅವರ ಹಾಡನ್ನು ಮುದ್ರಿಸಿಕೊಂಡರೆ ಯಾರು ಹಾಡಿದ್ದು, ಯಾವ ಊರಿನದು, ಎಲ್ಲಿ ಬಳಸಲು ಒಪ್ಪಿಗೆ ಕೊಟ್ಟರು ಎಂಬುದನ್ನು ಆಗಲೇ ಬರೆದಿಟ್ಟುಕೊಳ್ಳಬೇಕು.

ಮರಳಿ ಬಂದ ಮೇಲೆ

ಒಂದು ವಾರದೊಳಗೆ ಲೆಕ್ಕಪತ್ರವನ್ನು ಸಭೆಯ ಮುಂದಿಟ್ಟು, ಒಂದು ತಿಂಗಳೊಳಗೆ ಅಲ್ಲಿ ಮುದ್ರಿಸಿದ ಹಾಡುಗಳ ಪ್ರತಿಯನ್ನು ಆತಿಥೇಯರಿಗೆ ಕಳುಹಿಸಬೇಕು. ಕಲಿತ ಹಾಡನ್ನು ಮರೆಯುವ ಮೊದಲು ನಮ್ಮ ಭಾನುವಾರದ ಆರಾಧನೆಯಲ್ಲಿ, ಅರ್ಥವನ್ನು ಓದಿ ಹೇಳಿ, ಹಾಡಬೇಕು. ವರ್ಷದಲ್ಲಿ ನಾಲ್ಕು ಸಲವಾದರೂ ಅದು ಸಭೆಯ ಬಾಯಲ್ಲಿ ಬಂದರೆ ಯಾತ್ರೆಗೆ ಹೋಗದವರಿಗೂ ಅದರ ಪಾಲು ಸಿಕ್ಕಂತೆ.

ಆ ಜನರನ್ನು ನಮ್ಮಲ್ಲಿಗೆ ಕರೆಯುವುದು ಇದರ ಮುಂದಿನ ಹಂತ, ಮತ್ತು ಇದಿಲ್ಲದೆ ಯಾತ್ರೆ ಅರ್ಧಕ್ಕೆ ನಿಲ್ಲುತ್ತದೆ. ಕೂಲಿಕಾರರ ಗುಂಪಾದರೆ ಅವರ ಒಂದು ದಿನದ ಕೂಲಿ ತಪ್ಪದಂತೆ ರಜೆಯ ದಿನವನ್ನೇ ಗೊತ್ತುಮಾಡಿ, ವಾಹನವನ್ನು ನಾವೇ ಕಳುಹಿಸಬೇಕು. ದೂರದವರಾದರೆ ಲಾಡ್ಜಿನಲ್ಲಿ ಇರಿಸದೆ ಮನೆಗಳಲ್ಲಿ ಉಳಿಸಿಕೊಂಡು, ಅಕ್ಕಿರೊಟ್ಟಿ, ಕಡುಬು ಮಾಡಿಕೊಟ್ಟು, ಖಾರ ಎಷ್ಟು ಹಿಡಿಸುತ್ತದೆಂದು ಮೊದಲೇ ಕೇಳಿಕೊಳ್ಳಬೇಕು. ಬಿಡುವಿನ ದಿನ ರುದ್ರಪಟ್ಟಣಕ್ಕೆ ಕರೆದೊಯ್ದರೆ ತಂಬೂರಿಯ ಆಕಾರದ ಸಪ್ತಸ್ವರ ದೇವಾಲಯವನ್ನು ನೋಡಿ ಈ ನಾಡಿಗೆ ಸಂಗೀತವೆಂದರೆ ಏನೆಂಬುದು ಅವರಿಗೆ ತಿಳಿಯುತ್ತದೆ. ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ಚರ್ಚನ್ನೂ ತೋರಿಸಬಹುದು. ಅವರ ತಯಾರಿಗೂ ಹನ್ನೆರಡು ವಾರ ಬೇಕು, ಆದ್ದರಿಂದ ಕರೆಪತ್ರದ ಜೊತೆಗೆ ನಮ್ಮ ಎರಡು ಹಾಡುಗಳ ಮುದ್ರಣವನ್ನೂ, ಅವರ ಲಿಪಿಯಲ್ಲಿ ಬರೆದ ಸಾಹಿತ್ಯವನ್ನೂ, ಪದ ಪದದ ಅರ್ಥವನ್ನೂ ಸೇರಿಸಿ ಕಳುಹಿಸಿ. ಅವರು ಹಾಡಿ ಕಳುಹಿಸಿದ್ದನ್ನು ಕೇಳಿ ತಿದ್ದಿಕೊಡಲು ಮಂಡಳಿಯಲ್ಲಿ ತಾಳ್ಮೆಯುಳ್ಳ ಒಬ್ಬರನ್ನು ಈಗಲೇ ನೇಮಿಸಿ.